ಸಹಾಯ ಬೇಕು: ಸದ್ದಿಗೆ ಹೆದರುವ ನಾಯಿಮರಿಗೆ ಧೈರ್ಯ ಬರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಬದಿಯಡ್ಕ ಕಡೆಯವರು. ಮನೆಗೆ ಒಂದು ಊರ ನಾಯಿಮರಿ ಬಂದಿದೆ, ಈಗ 9 ವಾರ. ಆಟದಲ್ಲಿ ಭಾರಿ ಚುರುಕು. ಅಡಿಕೆ ಹಾಳೆಯ ಅಡಿಯಲ್ಲಿ ದೋಸೆ ಚೂರು ಅಡಗಿಸಿಟ್ಟರೆ ಮೂಸಿ ಮೂಸಿ, ಮೂತಿಯಿಂದ ಹಾಳೆ ಮಗುಚಿ ಹಾಕಿ ತಿನ್ನುತ್ತದೆ. ಆಗ ಬಾಲ ನಿಲ್ಲುವುದೇ ಇಲ್ಲ! ಆದರೆ ತೋಟದ ಪಂಪ್ ಶುರುವಾದರೆ ಸಾಕು, ಮಂಚದಡಿ ಸೇರಿಬಿಡುತ್ತದೆ. ಎಳೆದು ತರಬೇಡಿ, ತಾನಾಗಿ ಬರಲಿ ಎಂದು ಮಕ್ಕಳಿಗೆ ಹೇಳಿದ್ದೇನೆ.

ಸುಮಾರು 3ರಿಂದ 14 ವಾರದೊಳಗೆ ಖುಷಿಯಲ್ಲಿ ನೋಡಿ ಕೇಳಿದ್ದಕ್ಕೆ ಮರಿಗಳು ಮುಂದೆ ಅಷ್ಟಾಗಿ ಹೆದರುವುದಿಲ್ಲ, ಅಲ್ವಾ? ಆದರೆ ಲಸಿಕೆಗಳು ಮುಗಿಯುವಾಗ 16 ವಾರ ಆಗುತ್ತದೆ. ಅಲ್ಲಿವರೆಗೆ ಕಂಡಕಂಡಲ್ಲಿ ನೆಲಕ್ಕೆ ಬಿಟ್ಟರೆ ಪಾರ್ವೋ ಎಂಬ, ಮರಿಗಳ ಜೀವ ತೆಗೆಯಬಲ್ಲ ವಾಂತಿ-ಭೇದಿ ರೋಗದ ಭಯ. ಹಾಗಾಗಿ ಎತ್ತಿಕೊಂಡೇ ಪೇಟೆಗೆ ಹೋಗಿ ಬಸ್ಸು, ಆಟೋ, ಶಾಲೆ ಮಕ್ಕಳನ್ನು ದೂರದಿಂದ ತೋರಿಸುತ್ತಿದ್ದೇವೆ.

ಫೋನಿನಲ್ಲಿ ಚೆಂಡೆ, ಬೆಡಿಯ (ಪಟಾಕಿಯ) ಸದ್ದನ್ನು ಮೆಲ್ಲಗೆ ಹಾಕಿ, ತಿಂಡಿ ಕೊಡುತ್ತಾ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿ ಅಭ್ಯಾಸ ಮಾಡಿಸಿದವರು ಇದ್ದೀರಾ? ದಿನಕ್ಕೆ ಎಷ್ಟು ಹೊತ್ತು? ಮರಿ ಕಿವಿ ಮಡಚಿದ ಕೂಡಲೇ ನಿಲ್ಲಿಸಬೇಕಾ?

ಇನ್ನೊಂದು ವಿನಂತಿ. ಲಸಿಕೆ ಎಲ್ಲ ಆಗಿರುವ, ಸಾಧು ಸ್ವಭಾವದ ದೊಡ್ಡ ನಾಯಿ ಹತ್ತಿರದಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ನಿಮಗೆ ಅನುಕೂಲವಾದ ದಿನ ಮರಿಯನ್ನು ನಿಮ್ಮ ಅಂಗಳಕ್ಕೆ ಕರೆದುಕೊಂಡು ಬರುತ್ತೇವೆ.