ಡಾರ್ಕ್ ಗೇಮ್ ವಿಡಿಯೋ: ನಮ್ಮ ಫ್ಯಾಮಿಲಿ ಗ್ರೂಪಲ್ಲಿ ನಡೆದ ಮಾತು

ದೊಡ್ಡಪ್ಪ: ಈ ವಿಡಿಯೋ ಯಾರು ಹಾಕಿದ್ದು? ಸಣಕಲು ಹುಡುಗ, ಮುಖದಲ್ಲಿ ಜೀವ ಇಲ್ಲ, ಗೋಡೆ ಹತ್ತಿ ಸೂರಲ್ಲಿ ತಲೆಕೆಳಗಾಗಿ ನಡೀತಾನೆ. ಇದು ಮಕ್ಕಳಿರೋ ಗ್ರೂಪು ಕಣ್ರಪ್ಪಾ.

ನಾನು: ನಾನೇ ಹಾಕಿದ್ದು ದೊಡ್ಡಪ್ಪ. ಅದು ಡಾರ್ಕ್ (DARQ) ಅಂತ ವಿಡಿಯೋ ಗೇಮ್, 2019ರಲ್ಲಿ ಬಂದಿದ್ದು. ಹುಡುಗನ ಹೆಸರು ಲಾಯ್ಡ್, ನಡೆಯೋದೆಲ್ಲ ಅವನ ಕನಸಲ್ಲಿ. ಅಕ್ಕನ ಮಗ ಕೇಳ್ತಿದ್ನಲ್ಲ, ಅವನಿಗೇ ಅಂತ ಹಾಕ್ದೆ.

ಅಕ್ಕ: ಅವನಿಗೆ ಹತ್ತು ವರ್ಷ ಕಣೋ. ಮೊದಲೇ ರಾತ್ರಿ ಬೆಚ್ಚಿ ಬೀಳ್ತಾನೆ, ಇದನ್ನ ಬೇರೆ ತೋರಿಸ್ಲಾ?

ಸುಧಿ: ನಾನು ಆಡಿದೀನಿ. ಚೆನ್ನಾಗಿದೆ ಆದ್ರೆ ಮೂರು ಗಂಟೇಲಿ ಮುಗಿದೋಗುತ್ತೆ, ಅಷ್ಟಕ್ಕೆ ಆ ದುಡ್ಡು ಜಾಸ್ತಿ ಆಯ್ತು.

ನಾನು: ಸುಧಿ, ಆಮೇಲೆ 2020ರಲ್ಲಿ ಎರಡು ಹೊಸ ಭಾಗ ಬಂತು, ಮೊದಲೇ ತಗೊಂಡಿದ್ದ ಪಿಸಿಯವರಿಗೆ ಫ್ರೀ ಕೊಟ್ರು. ಮಾಡಿದ್ದು ವ್ಲಾಡ್ ಮರ್ಹುಲೆಟ್ಸ್ ಅಂತ, ಸಿನಿಮಾಗೆ ಸಂಗೀತ ಮಾಡೋರು, ಗೇಮ್ ಮಾಡೋದನ್ನ ಸ್ವಂತವಾಗಿ ಕಲ್ತು ವರ್ಷಗಟ್ಟಲೆ ಕೂತು ಮಾಡಿದಾರೆ, ಬರೀ ನಮ್ಮ ಅಂಗಡೀಲೇ ಮಾರಿ ಅಂತ ಆನ್‌ಲೈನಲ್ಲಿ ಗೇಮ್ ಮಾರೋ ಎಪಿಕ್ ಕಂಪನಿಯವರು ಬಂದಾಗ, ಸ್ಟೀಮ್ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡೀಲಿ ಬರುತ್ತೆ ಅಂತ ಆಗ್ಲೇ ಜನಕ್ಕೆ ಹೇಳಿದೀನಿ ಅಂತ ಒಪ್ಪಲಿಲ್ಲ. ಅಂಥವರಿಗೆ ದುಡ್ಡು ಕೊಡೋದ್ರಲ್ಲಿ ನನಗೆ ಬೇಜಾರಿಲ್ಲ.

ದೊಡ್ಡಪ್ಪ: ದುಡ್ಡಿನ ಮಾತಲ್ಲ ಇದು. ಮಗು ಮನಸ್ಸಿನ ಮಾತು.

ನಾನು: ಅದಕ್ಕೇ ಬರ್ತಿದೀನಿ ದೊಡ್ಡಪ್ಪ, ಸ್ವಲ್ಪ ಉದ್ದ ಆಗುತ್ತೆ. ಲಾಯ್ಡ್‌ಗೆ ಇದು ಕನಸು ಅಂತ ಗೊತ್ತು, ಇಡೀ ಗೇಮ್ ನಿಂತಿರೋದೇ ಅದರ ಮೇಲೆ. ದಾರಿ ಮುಚ್ಚಿದ್ರೆ ಗೋಡೆ ಹತ್ರ ಹೋಗಿ ಒಂದು ಬಟನ್ ಒತ್ತಿದ್ರೆ ರೂಮೇ ತಿರುಗಿ ಗೋಡೆ ನೆಲ ಆಗುತ್ತೆ, ಅಲ್ಲಿಂದ ಸೂರಿಗೆ, ಆವಾಗ ಕೆಳಗಿಂದ ಕಾಣದೇ ಇದ್ದ ವಸ್ತು ಕೈಗೆ ಸಿಗುತ್ತೆ. ಅವನ ಕೈಲಿ ಕತ್ತಿ ಇಲ್ಲ ಗನ್ ಇಲ್ಲ, ಏನಾದ್ರೂ ಬಂದ್ರೆ ಬಚ್ಚಿಟ್ಕೋಬೇಕು, ಯೋಚನೆ ಮಾಡ್ಬೇಕು. ಕನಸಲ್ಲಿ ಇದು ಕನಸು ಅಂತ ಗೊತ್ತಾಗೋದು ಕಟ್ಟುಕಥೆ ಅಲ್ಲ, 1975ರಲ್ಲಿ ಇಂಗ್ಲೆಂಡಿನ ಹಲ್ ಯೂನಿವರ್ಸಿಟೀಲಿ ಕೀತ್ ಹರ್ನ್ ಅನ್ನೋ ಸಂಶೋಧಕರು ತೋರಿಸಿದಾರೆ, ಕನಸು ಜೋರಾಗಿ ಬೀಳೋ ನಿದ್ದೇಲಿ ಮೈ ಅಲ್ಲಾಡಲ್ಲ ಕಣ್ಣು ಮಾತ್ರ ಆಡುತ್ತೆ, ಮಲಗಿದ್ದೋನು ಮೊದಲೇ ಮಾತಾಡ್ಕೊಂಡಿದ್ದ ಹಾಗೆ ಕನಸಿನ ಒಳಗಿಂದ ಕಣ್ಣನ್ನ ಎಡಕ್ಕೆ ಬಲಕ್ಕೆ ಆಡಿಸಿದ, ಅದು ಮೆಷಿನ್ನಲ್ಲಿ ದಾಖಲಾಯ್ತು. ಬೆಚ್ಚಿ ಬೀಳೋ ಹುಡುಗನಿಗೆ ಇದು ಕನಸು, ಇಲ್ಲಿ ಗೋಡೇನೂ ತಿರುಗಿಸ್ಬೋದು ಅನ್ನೋ ಯೋಚನೆ ಸಿಕ್ಕಿದ್ರೆ ಒಳ್ಳೇದೇ ಅಲ್ವಾ?

ಅಕ್ಕ: ಯೋಚನೆ ಸರಿ, ಆದ್ರೆ ಆ ಸೌಂಡ್! ವಿಡಿಯೋ ಮ್ಯೂಟ್ ಮಾಡಿದ್ರೆ ಏನೂ ಅನ್ಸಲ್ಲ, ಸೌಂಡ್ ಕೊಟ್ರೆ ನನಗೇ ಮೈ ಜುಂ ಅನ್ನುತ್ತೆ.

ಸುಧಿ: ಅಕ್ಕ ಹೇಳಿದ್ದು ನಿಜ. ಸದ್ದೇ ಇಲ್ಲದೆ ನಡೀತಾ ಇರ್ತೀವಿ, ಎಲ್ಲೋ ಮರ ಕಿರ್ ಅನ್ನುತ್ತೆ, ಮುಂದಕ್ಕೆ ಹೆಜ್ಜೆ ಇಡೋಕೇ ಆಗಲ್ಲ. ಹೆಡ್‌ಫೋನ್ ಹಾಕಿ ಒಬ್ನೇ ಆಡಕ್ಕೆ ಬಿಡ್ಬೇಡಿ.

ನಾನು: ಅದನ್ನ ಒಪ್ತೀನಿ. ಜೊತೇಲಿ ನಾನು ಕೂತ್ಕೋತೀನಿ.

ಅಕ್ಕ: ಹಂಗಾದ್ರೆ ಭಾನುವಾರ ಮಧ್ಯಾಹ್ನ ಬಾ, ಹಾಲ್‌ನಲ್ಲಿ ಟೀವಿಗೆ ಹಾಕು. ಸಾಕು ಅಂತ ಅವನು ಎದ್ರೆ ಅಲ್ಲಿಗೇ ಬಂದ್, ಬಲವಂತ ಮಾಡ್ಬೇಡ.

ದೊಡ್ಡಪ್ಪ: ನನಗೆ ಇನ್ನೂ ಸರಿ ಅನ್ನಿಸ್ತಿಲ್ಲ. ಹತ್ತು ವರ್ಷದ ಹುಡುಗನಿಗೆ ಇದು ಬೇಡವೇ ಬೇಡ. ವಿಡಿಯೋ ಮೊದಲು ಗ್ರೂಪಿಂದ ಡಿಲೀಟ್ ಮಾಡು, ಆ ಕಣ್ಣಿನ ಪ್ರಯೋಗದ ವಿಷಯ ಎಲ್ಲಾದ್ರೂ ಕನ್ನಡದಲ್ಲಿ ಸಿಕ್ಕಿದ್ರೆ ನನಗೆ ಬೇರೆ ಕಳ್ಸು.