ಮೊಬೈಲ್ ಮೆಸೇಜ್ ಟ್ರಯಲ್‌ಗಳನ್ನೆಲ್ಲ ಸೇರಿಸಿ ಒಂದೇ ಸರಾಸರಿ ತೆಗೆಯಬಹುದಾ?

ದಾವಣಗೆರೆ ಪಿಜಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕಮ್ಯುನಿಟಿ ಮೆಡಿಸಿನ್ ಎಂಡಿ ಓದುತ್ತಿದ್ದೇನೆ. ದಿನವೂ ಮಾತ್ರೆ ನುಂಗಬೇಕಾದ ರೋಗಿಗಳಿಗೆ ಮೊಬೈಲ್‌ನಲ್ಲಿ ನೆನಪಿಸಿದರೆ ಉಪಯೋಗ ಆಗುತ್ತಾ ಅನ್ನುವುದರ ಮೇಲೆ ಸಿಸ್ಟಮ್ಯಾಟಿಕ್ ರಿವ್ಯೂ (ಈವರೆಗಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಿಗೆ ತೂಗಿ ನೋಡುವ ಕೆಲಸ) ಮಾಡುತ್ತಿದ್ದೇನೆ. ಪೇಪರ್‌ಗಳಿಗೇನೂ ಬರವಿಲ್ಲ. ಆದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಎಚ್‌ಐವಿ ವಿಷಯವನ್ನೇ ನೋಡಿ. 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಕೀನ್ಯಾ ಟ್ರಯಲ್‌ನಲ್ಲಿ ವಾರಕ್ಕೊಂದು ಎಸ್ಸೆಮ್ಮೆಸ್ ಪಡೆದವರಲ್ಲಿ ಶೇ. 57 ಮಂದಿಗೆ ವೈರಸ್ ಹತೋಟಿಗೆ ಬಂತು. ಪಡೆಯದವರಲ್ಲಿ ಶೇ. 48. ಇನ್ನೊಂದು, 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ನಮ್ಮ ದಕ್ಷಿಣ ಭಾರತದ್ದು. 631 ಜನ, 96 ವಾರ. ಪ್ರತಿ ವಾರ ರೆಕಾರ್ಡ್ ಮಾಡಿದ ಕಾಲ್, ಜೊತೆಗೆ ಚಿತ್ರದ ಮೆಸೇಜ್. ವ್ಯತ್ಯಾಸವೇ ಕಾಣಲಿಲ್ಲ. ಇವೆರಡನ್ನೂ ಒಂದೇ ಫಾರೆಸ್ಟ್ ಪ್ಲಾಟ್‌ಗೆ (ಎಲ್ಲ ಟ್ರಯಲ್‌ಗಳ ಫಲಿತಾಂಶ, ಸರಾಸರಿ ಒಟ್ಟಿಗೆ ತೋರಿಸುವ ಚಿತ್ರ) ಹಾಕಿ ಕೊನೆಗೆ ಒಂದು ನಂಬರ್ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಹೆಟೆರೊಜೆನಿಟಿ (ಟ್ರಯಲ್‌ಗಳ ನಡುವಿನ ವ್ಯತ್ಯಾಸ) ಜಾಸ್ತಿ ಇದೆ ಅಂತ ಒಂದು ಸಾಲು ಬರೆದು ಮುಂದೆ ಹೋಗಬಹುದು. ಆದರೆ ನಾಳೆ ಯಾರಾದರೂ ಅದನ್ನೇ ನಂಬಿ ಜಿಲ್ಲೆಯಲ್ಲಿ ದುಡ್ಡು ಹಾಕಿದರೆ? ಅನುಭವ ಇರುವವರು ದಾರಿ ತೋರಿಸಿ.

ದುರ್ಗದವಳು:

ನಿಮ್ಮ ಮನಸ್ಸು ಒಪ್ಪದೇ ಇರುವುದು ಸರಿಯಾಗಿಯೇ ಇದೆ. ನಾನು ಚಿತ್ರದುರ್ಗದಲ್ಲಿದ್ದುಕೊಂಡು ಇಂಥ ರಿವ್ಯೂಗಳಿಗೆ ಡೇಟಾ ತೆಗೆದುಕೊಡುವ ಕೆಲಸ ಮಾಡುತ್ತೇನೆ. ನಾನು ಮೊದಲು ಕೇಳುವುದು, ಮೆಸೇಜ್ ಹೋದ ಮೇಲೆ ಏನಾಯಿತು ಅಂತ.

ಕೀನ್ಯಾ ಪೇಪರ್‌ನ ವಿಧಾನದ ಭಾಗವನ್ನು ನಿಧಾನವಾಗಿ ಓದಿ. ಅದು ಮಾತ್ರೆ ನೆನಪಿಸುವ ಮೆಸೇಜ್ ಅಲ್ಲವೇ ಅಲ್ಲ. ಹೇಗಿದ್ದೀರಿ ಅಂತ ಸ್ವಾಹಿಲಿಯಲ್ಲಿ ಕೇಳುತ್ತಿದ್ದರು, ಅಷ್ಟೆ. ಚೆನ್ನಾಗಿದ್ದೇನೆ ಅಂತಲೋ, ತೊಂದರೆ ಇದೆ ಅಂತಲೋ 48 ಗಂಟೆಯೊಳಗೆ ಉತ್ತರಿಸಬೇಕು. ತೊಂದರೆ ಇದೆ ಅಂದವರಿಗೆ, ಉತ್ತರವೇ ಕೊಡದವರಿಗೆ ಕ್ಲಿನಿಕ್‌ನಿಂದ ಫೋನ್ ಹೋಗುತ್ತಿತ್ತು. ಅಂದರೆ ಎಸ್ಸೆಮ್ಮೆಸ್ ಬರೀ ಬಾಗಿಲು ತಟ್ಟುವ ಕೆಲಸ ಮಾಡಿತು, ಒಳಗೆ ಬಂದು ಮಾತಾಡಿಸಿದವರು ಮನುಷ್ಯರೇ. ದಕ್ಷಿಣ ಭಾರತದ ಟ್ರಯಲ್‌ನಲ್ಲಿ ಕಾಲ್ ಮಾಡುತ್ತಿದ್ದದ್ದು ಮೆಷಿನ್. ಎರಡಕ್ಕೂ ಮೊಬೈಲ್ ರಿಮೈಂಡರ್ ಅಂತ ಒಂದೇ ಲೇಬಲ್ ಹಚ್ಚಿದ್ದೇ ತೊಂದರೆ. ಎಷ್ಟು ಸಲ ಕಳಿಸಿದರು ಅನ್ನುವುದನ್ನೂ ಬರೆದುಕೊಳ್ಳಿ. 2011ರ ಇನ್ನೊಂದು ಕೀನ್ಯಾ ಟ್ರಯಲ್‌ನಲ್ಲಿ ವಾರಕ್ಕೊಮ್ಮೆ ಕಳಿಸಿದ್ದು ಕೆಲಸ ಮಾಡಿತು, ದಿನಾ ಕಳಿಸಿದ್ದು ಮಾಡಲಿಲ್ಲ.

ಹಾಗೇ ಕಂಟ್ರೋಲ್ ಗುಂಪಿಗೆ (ಹೋಲಿಕೆಗೆ ಇಟ್ಟ ಗುಂಪು) ಏನು ಸಿಕ್ಕಿತು ಅಂತಲೂ ನೋಡಿ. ಬಿಪಿ, ಶುಗರ್‌ಗೆ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಮೊಬೈಲ್ ನೆರವಿನ ಆರೈಕೆಯನ್ನು ಪರೀಕ್ಷಿಸಿದ ಎಂ-ವೆಲ್‌ಕೇರ್ ಟ್ರಯಲ್ 2019ರಲ್ಲಿ ಪ್ರಕಟವಾಯಿತು. ಎರಡೂ ಗುಂಪು ಸುಧಾರಿಸಿದವು, ನಡುವೆ ವ್ಯತ್ಯಾಸ ಬರಲಿಲ್ಲ. ಅಲ್ಲಿ ಕಂಟ್ರೋಲ್ ಕೇಂದ್ರಗಳವರಿಗೂ ತರಬೇತಿ ಕೊಟ್ಟಿದ್ದರು. ಇದನ್ನು ಬರೆಯದೆ ಪರಿಣಾಮ ಇಲ್ಲ ಅಂತ ಸುಮ್ನೆ ಟೇಬಲ್‌ಗೆ ಹಾಕಿದರೆ ಓದುವವರಿಗೆ ತಪ್ಪು ಅರ್ಥ ಹೋಗುತ್ತದೆ.

ಚಳ್ಳಕೆರೆ ಸೀಮೆಯ ಕಾರ್ಯಕರ್ತೆ:

ನನಗೆ ಫಾರೆಸ್ಟ್ ಪ್ಲಾಟ್ ಎಲ್ಲ ಗೊತ್ತಿಲ್ಲ. ಆದರೆ ಫೋನ್ ಯಾರ ಕೈಯಲ್ಲಿ ಇರುತ್ತೆ ಅಂತ ಚೆನ್ನಾಗಿ ಗೊತ್ತು. ನಮ್ಮ ರಿಜಿಸ್ಟರ್ ತೆಗೆದು ನೋಡಿದರೆ ಎಷ್ಟೋ ಹೆಂಗಸರ ಹೆಸರಿನ ಮುಂದೆ ಇರುವುದು ಗಂಡನ ನಂಬರ್, ಇಲ್ಲಾಂದ್ರೆ ಬೆಂಗಳೂರಿಗೆ ದುಡಿಯಲು ಹೋದ ಮಗನ ನಂಬರ್. ಹಳೇ ನಂಬರ್ ಮೇಲೆ ಗೀಟು ಎಳೆದು ಹೊಸದು ಬರೆದಿರುತ್ತೇವೆ, ಅದರ ಮೇಲೂ ಮತ್ತೆ ಗೀಟು. ರೀಚಾರ್ಜ್ ಮುಗಿದರೆ ಇನ್‌ಕಮಿಂಗ್ ಕೂಡ ನಿಲ್ಲುತ್ತೆ. ಕೆಲವು ಕೀಪ್ಯಾಡ್ ಫೋನ್‌ಗಳಲ್ಲಿ ಕನ್ನಡ ಮೆಸೇಜ್ ಬಂದರೆ ಬರೀ ಚೌಕ ಚೌಕ ಕಾಣುತ್ತೆ. ಮೆಸೇಜ್ ಕಳಿಸಿದ್ದೇವೆ ಅಂತ ಕಂಪ್ಯೂಟರ್‌ನಲ್ಲಿ ಬಂದರೆ ಆಯಮ್ಮನಿಗೆ ತಲುಪಿತು ಅಂತ ಲೆಕ್ಕ ಹಿಡಿಯಬೇಡಿ ಸರ್. ಆ ಪೇಪರ್‌ಗಳಲ್ಲಿ ಇದನ್ನೆಲ್ಲ ಬರೆದಿರುತ್ತಾರಾ?

ದಾವಣಗೆರೆ ಪಿಜಿ:

ಮೇಡಂ, ಬಹಳ ಪೇಪರ್‌ಗಳಲ್ಲಿ ಬರೆದಿರುವುದಿಲ್ಲ. ಸ್ವಂತ ಫೋನ್ ಇರುವವರನ್ನು ಮಾತ್ರ ಸೇರಿಸಿಕೊಂಡೆವು ಅಂತ ಒಂದು ಸಾಲು ಇರುತ್ತದೆ, ಅಷ್ಟೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ಶೇ. 54 ಮಾತ್ರ. ಹಾಗಾದರೆ ಉಳಿದವರು ಟ್ರಯಲ್‌ನ ಬಾಗಿಲಲ್ಲೇ ಹೊರಗೆ ಉಳಿದರು ಅಂತಾಯಿತು. ಇದಕ್ಕೇ ಒಂದು ಕಾಲಂ ಮಾಡುತ್ತೇನೆ. ಇಂಥ ವಿವರ ತೆಗೆಯಲು ಸಿದ್ಧ ಪಟ್ಟಿ ಏನಾದರೂ ಇದೆಯಾ?

ದುರ್ಗದವಳು:

ಇದೆ. 2016ರಲ್ಲಿ ಬಿಎಂಜೆಯಲ್ಲಿ ಬಂದ ಎಂ-ಎರಾ ಚೆಕ್‌ಲಿಸ್ಟ್, 16 ಅಂಶ. ನೆಟ್‌ವರ್ಕ್, ಮೆಸೇಜಿನ ಒಳಗಿನ ಮಾತು, ಖರ್ಚು, ಬಳಸುವವರಿಗಿದ್ದ ಅಡ್ಡಿ ಎಲ್ಲ ಅದರಲ್ಲಿ ಬರುತ್ತದೆ. ಪೇಪರ್‌ನಲ್ಲಿ ಇಲ್ಲದ್ದಕ್ಕೆ ಲೇಖಕರಿಗೆ ಮೇಲ್ ಹಾಕಿ.

ಇನ್ನೊಂದು ಮಾತು. ಮಾತ್ರೆ ತಗೊಂಡ್ರಾ ಅಂತ ರೋಗಿಯನ್ನೇ ಕೇಳಿ ಅಳೆದ ಟ್ರಯಲ್‌ಗಳನ್ನು ಬೇರೆ ಇಡಿ. ಮೆಸೇಜ್ ಬರುವುದು ರೋಗಿಗೆ ಗೊತ್ತಿರುತ್ತದೆ, ಮುಚ್ಚಿಡಲು ಆಗಲ್ಲ. ಹೂಂ ಅನ್ನುವುದು ಸಹಜ ಅಲ್ವಾ? ಬ್ರಿಟನ್‌ನಲ್ಲಿ 5800 ಜನರ ಮೇಲೆ ನಡೆದ ಸಿಗರೇಟ್ ಬಿಡಿಸುವ ಟ್ರಯಲ್ ಇದೆ, 2011ರದ್ದು. ಅಲ್ಲಿ ಬಿಟ್ಟೆ ಅಂದವರ ಮಾತನ್ನು ಪರೀಕ್ಷೆ ಮಾಡಿಯೇ ಒಪ್ಪಿಕೊಂಡರು. 6 ತಿಂಗಳಿಗೆ ಮೆಸೇಜ್ ಗುಂಪಿನಲ್ಲಿ ಶೇ. 10.7, ಇನ್ನೊಂದರಲ್ಲಿ ಶೇ. 4.9. ಅಂಥ ಫಲಿತಾಂಶಕ್ಕೆ ಜಾಸ್ತಿ ತೂಕ ಕೊಡಿ.

ಸರಾಸರಿ ತೆಗೆಯಲೇಬೇಕು ಅಂತೇನಿಲ್ಲ. ಮೆಟಾ ಅನಾಲಿಸಿಸ್ (ಫಲಿತಾಂಶಗಳನ್ನು ಸೇರಿಸಿ ಸರಾಸರಿ ತೆಗೆಯುವುದು) ಇಲ್ಲದೆ ಹೇಗೆ ಬರೆಯಬೇಕು ಅನ್ನುವುದಕ್ಕೆ 2020ರಲ್ಲಿ ಸ್ವಿಮ್ ಅನ್ನುವ ಮಾರ್ಗಸೂಚಿ ಬಂದಿದೆ. ಮೆಷಿನ್ ಮಾತ್ರ ಇದ್ದದ್ದು, ಹಿಂದೆ ಮನುಷ್ಯರು ಇದ್ದದ್ದು ಅಂತ ಗುಂಪು ಮಾಡಿ ಬರೆಯಿರಿ. ಈ ಗುಂಪು ನಿಮ್ಮ ಮೊದಲ ಪ್ರೋಟೋಕಾಲ್‌ನಲ್ಲಿ (ರಿವ್ಯೂಗೆ ಮೊದಲೇ ಬರೆದಿಟ್ಟ ಯೋಜನೆ) ಇರಲಿಲ್ಲ ಅಂದರೆ, ರಿವ್ಯೂಗಳನ್ನು ನೋಂದಾಯಿಸುವ ಪ್ರಾಸ್ಪೆರೊದಲ್ಲಿ ಈಗಲೇ ತಿದ್ದುಪಡಿ ಹಾಕಿ. ಫಲಿತಾಂಶ ನೋಡಿದ ಮೇಲೆ ಮಾಡಿದ ಗುಂಪು ಅಂತ ಪೇಪರ್‌ನಲ್ಲೂ ನೇರವಾಗಿ ಹೇಳಿ.