ಕಾಫಿ ಪೊಟ್ಟಣದ ಕ್ಯೂಆರ್ ಕೋಡ್ ನಂಬಬಹುದಾ? ಕಾಫಿ ಗುಣಮಟ್ಟ ತಜ್ಞರ ಜೊತೆ ಪ್ರಶ್ನೋತ್ತರ

ಮೈಸೂರಿನ ಸದಸ್ಯೆ: ಕೋಡ್ ಸ್ಕ್ಯಾನ್ ಮಾಡಿದರೆ ತೋಟದ ಫೋಟೋ, ‘ಬ್ಲಾಕ್‌ಚೈನ್ ದೃಢೀಕೃತ’ ಅಂತ ಬರುತ್ತೆ. ಚಿಕೋರಿ ಇಲ್ಲ ತಾನೆ?

ತಜ್ಞರು: ಎರಡಕ್ಕೂ ಸಂಬಂಧವಿಲ್ಲ. ಬ್ಲಾಕ್‌ಚೈನ್ ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇಡುವ ಡಿಜಿಟಲ್ ದಾಖಲೆ ಪುಸ್ತಕ. ಚಿಕೋರಿ ಶೇಕಡಾ ಎಷ್ಟು ಅಂತ ಲೇಬಲ್ ಮೇಲೆ ಇರಬೇಕು. ಓದಿ.

ಸಕಲೇಶಪುರದ ಬೆಳೆಗಾರ: ಸರ್, ನಮ್ಮದು 3 ಎಕರೆ ಅರೇಬಿಕಾ. ವ್ಯಾಪಾರಿಗೆ 3 ಟನ್ ಹಣ್ಣು ಕೊಟ್ಟೆ. ಈಗ ಬೆಂಗಳೂರಲ್ಲಿ ಮಾರುವ ಒಂದು ಪೊಟ್ಟಣದ ಕೋಡ್‌ನಲ್ಲಿ ನಮ್ಮ ತೋಟದ ಹೆಸರಿದೆ. ವರ್ಷವಿಡೀ ಮಾರುತ್ತಿದ್ದಾರೆ. ಅಷ್ಟು ಕಾಫಿ ಎಲ್ಲಿಂದ ಬಂತು?

ತಜ್ಞರು: ಇದು ಗಂಭೀರ ವಿಷಯ. ಲೆಕ್ಕ ಹಾಕೋಣ. ಸುಮಾರು 6 ಕಿಲೋ ಹಣ್ಣಿಗೆ 1 ಕಿಲೋ ಬೀಜ. ನಿಮ್ಮದು 500 ಕಿಲೋ ಆಯ್ತು. ಹುರಿದರೆ ಶೇ. 15–20 ತೂಕ ಹೋಗುತ್ತೆ. ಉಳಿದದ್ದರಲ್ಲಿ 250 ಗ್ರಾಂನ ಸುಮಾರು 1,600 ಪೊಟ್ಟಣ ಆಗುತ್ತೆ. ಅದಕ್ಕಿಂತ ತುಂಬಾ ಜಾಸ್ತಿ ಮಾರಿದ್ದರೆ ಬೇರೆಯವರ ಬೀಜ ಸೇರಿದೆ. ಬ್ಲಾಕ್‌ಚೈನ್ ಒಮ್ಮೆ ಬರೆದದ್ದನ್ನು ಆಮೇಲೆ ಗುಟ್ಟಾಗಿ ತಿದ್ದಲು ಬಿಡುವುದಿಲ್ಲ, ಅಷ್ಟೆ. ಬರೆದದ್ದು ನಿಜವೋ ಸುಳ್ಳೋ ಅದಕ್ಕೆ ಗೊತ್ತಾಗಲ್ಲ. ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹತ್ತು ತೋಟದ ಬೀಜ ಒಂದೇ ರಾಶಿಗೆ ಬಿತ್ತೋ, ಯಾವ ತೋಟದ ರಾಶಿ ಅಂತ ಚೀಲಕ್ಕೆ ಕಟ್ಟಿದ ಲಾಟ್ ಚೀಟಿಗೆ ಬೆಲೆಯೇ ಇಲ್ಲ. ತೂಕದ ಚೀಟಿ ಹುಡುಕಿ ಇಟ್ಟುಕೊಳ್ಳಿ. ಈ ಕೋಡ್ ಎಷ್ಟು ಪೊಟ್ಟಣಕ್ಕೆ ಹಾಕಿದ್ದಾರೆ ಅಂತ ಬರಹದಲ್ಲಿ ಕೇಳಿ.

ತುಮಕೂರಿನ ಸದಸ್ಯ: ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ ಮಾಲು, ಕಣ್ಣುಮುಚ್ಚಿ ತಗೊಳ್ಳಿ. ಎಲ್ಲರಿಗೂ ಕಳಿಸಿ 🙏

ತಜ್ಞರು: ಮತ್ತೆ ಅದೇ ಫಾರ್ವರ್ಡ್. ಬಾರ್‌ಕೋಡ್ ನಂಬರ್ ಕೊಡುವ ಜಿಎಸ್1 ಇಂಡಿಯಾ ಸಂಸ್ಥೆಯಿಂದ ಕಂಪನಿ ನಂಬರ್ ಪಡೆದಿದೆ ಅಂತ ಮಾತ್ರ ಅದರರ್ಥ. ಮಾಲು ಎಲ್ಲಿಯದು ಅಂತ ಹೇಳುವುದಿಲ್ಲ. ದಯವಿಟ್ಟು ಹಂಚಬೇಡಿ.

ಬೆಂಗಳೂರಿನ ಸದಸ್ಯ: ಬ್ಲಾಕ್‌ಚೈನ್ ಅಷ್ಟು ಹಗುರ ಅಲ್ಲ. ವಾಲ್‌ಮಾರ್ಟ್‌ಗೆ ಮಾವಿನ ಮೂಲ ಹುಡುಕಲು ಸುಮಾರು 7 ದಿನ ಹಿಡಿದಿತ್ತು. ಬ್ಲಾಕ್‌ಚೈನ್‌ನಲ್ಲಿ 2.2 ಸೆಕೆಂಡ್. ನಮ್ಮ ಕಾಫಿ ಬೋರ್ಡೂ 2019ರಲ್ಲಿ ಬ್ಲಾಕ್‌ಚೈನ್ ಮಾರುಕಟ್ಟೆ ಶುರುಮಾಡಿತ್ತು.

ಕೊಡಗಿನ ಸದಸ್ಯ: ಬೇಗ ಸಿಕ್ಕಿದ್ದು ಬರೆದಿಟ್ಟ ಮಾಹಿತಿ ಮಾತ್ರ. ಆ್ಯಪ್‌ಗೆ ಮಾಹಿತಿ ತುಂಬುವ ಕೆಲಸ ನಮಗೆ, ಲಾಭ ಯಾರಿಗೆ?

ಬೆಂಗಳೂರಿನ ಸದಸ್ಯ: ಹೊಸದು ಅಂದರೆ ನಿಮಗೆ ಆಗಲ್ಲ.

ಕೊಡಗಿನ ಸದಸ್ಯ: ಕೊಯ್ಲಿನ ಹೊತ್ತಲ್ಲಿ ತೋಟಕ್ಕೆ ಬಂದು ಈ ಮಾತು ಹೇಳಿ.

ಹಾಸನದ ಸದಸ್ಯೆ: ಜೇನುತುಪ್ಪಕ್ಕೂ ಇಂಥದ್ದು ಇದೆಯಾ ಸರ್?

ಚಿಕ್ಕಮಗಳೂರಿನ ಸದಸ್ಯ: ಯುರೋಪಿಗೆ ಕಳಿಸಲು ಬ್ಲಾಕ್‌ಚೈನ್ ಕಡ್ಡಾಯವಂತೆ?

ತಜ್ಞರು: ಇಲ್ಲ. ಅವರ ಅರಣ್ಯನಾಶ ತಡೆ ಕಾನೂನು ಕೇಳುವುದು ಕಾಫಿ ಬೆಳೆದ ಜಾಗದ ಗುರುತು. 4 ಹೆಕ್ಟೇರ್ ಮೀರಿದರೆ ಗಡಿಯ ಪೂರ್ತಿ ರೇಖೆ.

ಮೈಸೂರಿನ ಸದಸ್ಯೆ: ಹಾಗಾದರೆ ಕೋಡ್ ನಂಬಬಹುದೋ ಇಲ್ವೋ?

ತಜ್ಞರು: ಮೇಲೆ ಬರೆದಿದ್ದೇನೆ. ಸಕಲೇಶಪುರದವರೇ, ಚೀಟಿ ಸಿಕ್ಕಿತಾ?

ಸಕಲೇಶಪುರದ ಬೆಳೆಗಾರ: ಸಿಕ್ಕಿತು. ವ್ಯಾಪಾರಿ ಫೋನ್ ಎತ್ತುತ್ತಿಲ್ಲ.

ತಜ್ಞರು: ಪೊಟ್ಟಣದ ಮೇಲಿನ ವಿಳಾಸಕ್ಕೇ ಬರೆಯಿರಿ. ಲಾಟ್ ನಂಬರ್ ಹಾಕಿ.